ಎಮಿಲ್‌ನ ಬೆನ್ನಿಗೆ ಕೇಳಿಸಿದ್ದು

೧೯೪೩ರ ಬೇಸಿಗೆಯಲ್ಲಿ, ಯುದ್ಧಕ್ಕೆ ಸೇರಲು ಹೋದ ಅಮೆರಿಕದ ಅಯೋವಾದ ಎಮಿಲ್ ಹ್ರುಷ್ಕನನ್ನು ಸೈನ್ಯದವರು ಮೂರನೆಯ ಸಲ ವಾಪಸು ಕಳಿಸಿದರು. ಆರಡಿ ಮೇಲೆ ಎರಡಂಗುಲದ ಆಳು, ಕೊಬ್ಬಿದ ಹಂದಿಯನ್ನು ಒಬ್ಬನೇ ಲಾರಿಗೆ ಹತ್ತಿಸುವವನು. ಆದರೆ ಎಂಟನೆಯ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಎಡಗಿವಿಯ ತಮಟೆ ಹರಿದುಹೋಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ಅಣ್ಣ ಆಂಟನ್ ಆಗಲೇ ಹಡಗು ಹತ್ತಿಯಾಗಿತ್ತು.

ಬೇಕರಿಯ ಮಿಸೆಸ್ ಪೆಲ್ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಾ ಅಂಗಡಿಗೆಲ್ಲ ಕೇಳುವಂತೆ ಅಂದಳು: "ನೋಡೋಕೆ ಗೂಳಿ ಥರ ಇದೀಯ. ನನ್ನ ಮಗ ನಿನ್ನಲ್ಲಿ ಅರ್ಧ ಇಲ್ಲ, ಅವನು ಸಮುದ್ರದ ಮೇಲಿದಾನೆ. ನೀನಿಲ್ಲಿ ಚೆಂಡಾಡ್ತೀಯಂತೆ?"

"ಕಿವಿ ಸರಿಯಿಲ್ಲ, ಮಿಸೆಸ್ ಪೆಲ್."

"ಈಗ ನಾನಂದಿದ್ದು ಚೆನ್ನಾಗೇ ಕೇಳಿಸ್ತಲ್ಲ!"

ಚೆಂಡಾಡುತ್ತಿದ್ದದ್ದು ನಿಜ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಅದು; ಅವನು ಓದುತ್ತಿದ್ದ ಕಾಲೇಜಿನ ತಂಡದಲ್ಲಿ ಉಳಿದಿದ್ದವರು ಹದಿನಾಲ್ಕೇ ಹುಡುಗರು. ಕೋಚ್ ನೌಕಾಪಡೆ ಸೇರಿದ್ದರಿಂದ ಲ್ಯಾಟಿನ್ ಕಲಿಸುವ ಥಾರ್ಪ್ ಮೇಷ್ಟ್ರು, ಅರವತ್ತೊಂದರ ಪ್ರಾಯದಲ್ಲಿ, ಲೈಬ್ರರಿಯಿಂದ ಪುಸ್ತಕ ತಂದು ಓದಿ ಆಟ ಹೇಳಿಕೊಡುತ್ತಿದ್ದರು.

ಎಮಿಲ್‌ನದು ಸಾಲಿನ ನಡುವಿನ ಜಾಗ. ಬಾಗಿ ನಿಂತು, ಹಿಂದಿರುವ ವೆಂಡೆಲ್ ಕೂಪ್ ಅಂಕಿಗಳನ್ನು ಕೂಗಿದಾಗ ಸರಿಯಾದ ಅಂಕಿಗೆ ಕಾಲುಗಳ ಸಂದಿನಿಂದ ಚೆಂಡನ್ನು ಅವನ ಕೈಗೆ ಕೊಡಬೇಕು. ಅಂಕಿ ಕೇಳಿಸಿದರೆ ತಾನೆ? ಒಮ್ಮೆ ಬೇಗ ಕೊಟ್ಟ, ಒಮ್ಮೆ ತಡಮಾಡಿದ. ಚೆಂಡು ನೆಲಕ್ಕೆ ಬಿದ್ದು ಉರುಳಿತು, ಅದರ ಹಿಂದೆ ಓಡಿದ ವೆಂಡೆಲ್‌ನ ಮೇಲೆ ಎದುರಾಳಿಗಳು ರಾಶಿಬಿದ್ದರು. ಮೊದಲ ಎರಡು ಆಟಗಳಲ್ಲಿ ಸೊನ್ನೆ ಸುತ್ತಿ ಬಂದರು.

ಸೋಮವಾರ ಎಮಿಲ್ ಜರ್ಸಿಯನ್ನು ಮಡಚಿ ಮೇಷ್ಟ್ರ ಮೇಜಿನ ಮೇಲಿಟ್ಟ. "ಬೇರೆ ಯಾರನ್ನಾದ್ರೂ ನಿಲ್ಸಿ ಸಾರ್. ನನ್ನಿಂದ ವೆಂಡೆಲ್‌ನ ಪಕ್ಕೆಲುಬು ಮುರಿಯುತ್ತೆ."

"ಯಾರನ್ನಪ್ಪಾ ನಿಲ್ಲಿಸಲಿ? ಇಬ್ಬರಿಗೆ ಕನ್ನಡಕ ತೆಗೆದ್ರೆ ಗೋಡೆ ಕಾಣಲ್ಲ, ಒಬ್ಬನಿಗೆ ಉಬ್ಬಸ. ಮಿಕ್ಕೋರು ಸೈನ್ಯ ಸೇರೋಕೆ ಹದಿನೆಂಟು ತುಂಬೋದನ್ನೇ ಕಾಯ್ತಿದಾರೆ." ಮೇಷ್ಟ್ರು ಎದ್ದು ಬಂದು ಅವನ ಹಿಂದೆ ನಿಂತರು. ಹೆಗಲ ಕೆಳಗೆ ಬೆರಳಿನಿಂದ ತಟ್ಟಿದರು. "ಇದು ಕೇಳಿಸ್ತಾ?"

ಎಮಿಲ್ ತಿರುಗಿ ನೋಡಿದ. ನಿಧಾನಕ್ಕೆ ಅವನ ಮುಖದ ಮೇಲೆ ನಗು ಮೂಡಿತು.

ಆ ವಾರವೆಲ್ಲ ಅದೇ ಅಭ್ಯಾಸ. ಕೂಗು ಬೇಡ, ವೆಂಡೆಲ್ ಬೆನ್ನು ತಟ್ಟಿದರೆ ಚೆಂಡು ಬಿಡುವುದು.

"ಕುದುರೆ ಮೈ ತಟ್ಟಿದ ಹಾಗಿದೆಯಲ್ಲೋ!" ಅಂದ ವೆಂಡೆಲ್.

"ಒದ್ದೇನು, ಹುಷಾರಾಗಿರು."

ಮೂರನೆಯ ಆಟ ತಮ್ಮದೇ ಮೈದಾನದಲ್ಲಿ. ನೋಡಲು ಬಂದವರು ಅರವತ್ತು ಜನ ಇದ್ದರೆ ಹೆಚ್ಚು, ಕಂಬಳಿ ಹೊದ್ದು ಕೂತ ಕಾಲೇಜು ಹುಡುಗಿಯರೇ ಜಾಸ್ತಿ. ಪಕ್ಕದ ಊರಿನ ತಂಡ ಕೂಗಿಗಾಗಿ ಕಾಯುತ್ತಾ ಬಾಗಿ ನಿಂತಿತು. ಕೂಗು ಬರಲೇ ಇಲ್ಲ. ಅವರು ತಲೆಯೆತ್ತುವಷ್ಟರಲ್ಲಿ ಚೆಂಡು ವೆಂಡೆಲ್‌ನ ಕೈಗೆ ಸೇರಿತ್ತು, ಎಮಿಲ್ ಎದುರಿನವನನ್ನು ಮೂರು ಗಜ ಹಿಂದಕ್ಕೆ ತಳ್ಳಿದ್ದ, ಆ ಸಂದಿಯಲ್ಲಿ ವೆಂಡೆಲ್ ಚೆಂಡನ್ನು ಎದೆಗವುಚಿಕೊಂಡು ನುಸುಳಿ ಎದುರಾಳಿಗಳ ಕೊನೆಯ ಗೆರೆ ದಾಟಿದ್ದ. ಹದಿಮೂರು–ಏಳರಿಂದ ಗೆದ್ದರು. ಥಾರ್ಪ್ ಮೇಷ್ಟ್ರು ಟೋಪಿಯನ್ನು ಮೇಲಕ್ಕೆಸೆದು, ಅದೆಲ್ಲಿ ಬಿತ್ತೆಂದು ಹುಡುಕುತ್ತಾ ಹೋದರು.

ಮೈದಾನದ ಅಂಚಿನಲ್ಲಿ ಮಿಸೆಸ್ ಪೆಲ್ ನಿಂತಿದ್ದಳು. "ಆ ಹುಡುಗ ನಿನ್ನ ಬೆನ್ನಿಗೆ ಯಾಕೆ ಹೊಡೀತಿದ್ದ?"

"ಅವನು ಕೂಗಿದ್ರೆ ನಂಗೆ ಕೇಳ್ಸಲ್ಲ."

ಅವಳ ಮುಖ ಕೆಂಪಾಯಿತು. "ಆವತ್ತು ಅಂಗಡೀಲಿ ನಾನು..."

"ಮಗನ ಕಾಗದ ಬಂತಾ?" ಎಂದು ಎಮಿಲ್ ಮಾತು ತಿರುಗಿಸಿದ.

"ಬಂತು. ಎರಡೇ ಸಾಲು. ಚೆನ್ನಾಗಿದೀನಿ ಅಂತ."

"ನಮ್ಮಣ್ಣನೂ ಅಷ್ಟೇ ಬರಿಯೋದು."

ಇಬ್ಬರೂ ಒಟ್ಟಿಗೇ ಊರೊಳಕ್ಕೆ ನಡೆದರು. ಅವಳು ಅವನ ಬಲಗಡೆಗೆ ಬಂದು ಮಾತಾಡಿದಳು.

ಆ ಋತುವಿನ ಏಳು ಆಟಗಳಲ್ಲಿ ಗೆದ್ದದ್ದು ಎರಡು. ಡಿಸೆಂಬರಿನಲ್ಲಿ ಹದಿನೆಂಟು ತುಂಬಿದ ವೆಂಡೆಲ್ ಯುದ್ಧಕ್ಕೆ ಹೊರಟ. ಮರುವರ್ಷ ಒಂಬತ್ತೇ ಹುಡುಗರು ಉಳಿದದ್ದರಿಂದ ಕಾಲೇಜು ತಂಡವನ್ನು ನಿಲ್ಲಿಸಿತು. ಎಮಿಲ್ ಮಾತ್ರ ಶನಿವಾರಗಳಂದು ಊರಿನ ಶಾಲೆಯ ಮಕ್ಕಳನ್ನು ಮೈದಾನಕ್ಕೆ ಕರೆತಂದು ಆಡಿಸಿದ. ಯುದ್ಧ ಮುಗಿದ ಮೇಲೆ ಆಂಟನ್ ತುಸು ಕುಂಟುತ್ತಾ ವಾಪಸು ಬಂದ, ವೆಂಡೆಲ್ಲೂ ಬಂದ. ೧೯೪೬ರಲ್ಲಿ ತಂಡ ಮತ್ತೆ ಮೈದಾನಕ್ಕಿಳಿದಾಗ ನಡುವೆ ನಿಂತವನು ಎಮಿಲ್ಲೇ.

ಪದವಿ ಮುಗಿದ ಮೇಲೆ ಪಕ್ಕದ ಜಿಲ್ಲೆಯ ಒಂದು ಶಾಲೆಯಲ್ಲಿ ಅವನಿಗೆ ಕೋಚ್ ಕೆಲಸ ಸಿಕ್ಕಿತು. ಮೊದಲ ದಿನ ಮೂವತ್ತೊಂದು ಹುಡುಗರು ಹೆಸರು ಕೊಟ್ಟರು. ಅವನು ಒಬ್ಬನನ್ನೂ ವಾಪಸು ಕಳಿಸಲಿಲ್ಲ.