ಬೀರುವಿನ ಹಿಂದಿನ ಮೀಟರು

ಆ ವಿಶ್ವವಿದ್ಯಾಲಯದ ಆವರಣದಲ್ಲಿ ಒಟ್ಟು ಮೂವತ್ತೆಂಟು ಕರೆಂಟು ಮೀಟರುಗಳು. ಅವುಗಳಲ್ಲಿ ಮೂವತ್ತೇಳನ್ನು ಮೀಟರಪ್ಪ ನೋಡಿ ಬರೆಯುತ್ತಿದ್ದರು. ಉಳಿದ ಒಂದನ್ನು ನೋಡದೆ ಬರೆಯುತ್ತಿದ್ದರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವರು ಮಾಡಿದ ದೊಡ್ಡ ತಪ್ಪು ಇದೊಂದೇ. ಆದರೆ ಜೀವನದಲ್ಲಿ ಒಂದೇ ತಪ್ಪು ಮಾಡುವ ಮನುಷ್ಯ ಅದನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತಾನೆ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಕಾಣಿಸುತ್ತಿತ್ತು. ಕುಲಸಚಿವರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಮೀಟರಪ್ಪ. ತಿಂಗಳ ಮೊದಲ ಮೂರು ದಿನ ಕೈಯಲ್ಲಿ ಟಾರ್ಚು, ಹೆಗಲಿಗೆ ಚೀಲ ಹಾಕಿಕೊಂಡು ಆವರಣವನ್ನೆಲ್ಲ ಸುತ್ತುತ್ತಿದ್ದರು. ಮೀಟರಿನ ಗಾಜನ್ನು ಬಟ್ಟೆಯಿಂದ ಒರೆಸಿ, ಅಂಕಿಗಳನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಓದಿ, ಆಮೇಲೆಯೇ ನೋಟ್‌ಬುಕ್ಕಿಗೆ ಇಳಿಸುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮೂರನ್ನು ಎಂಟು ಎಂದು ಬರೆದುಬಿಟ್ಟಿದ್ದರು. ಕ್ಯಾಂಟೀನಿನವನ ಮೇಲೆ ಕರೆಂಟು ಪೋಲು ಮಾಡುತ್ತಾನೆಂಬ ಅಪವಾದ ಬಂತು, ಅವನು ಒಂದು ವರ್ಷ ಇವರಿಗೆ ಆರಿದ ಚಹಾ ಕೊಟ್ಟ. ಅಲ್ಲಿಂದ ಮುಂದೆ ಅವರ ಅಂಕಿಯಲ್ಲಿ ಎಳ್ಳಷ್ಟೂ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಹುಡುಕಲು ಯಾರೂ ಹೋಗಲೂ ಇಲ್ಲ ಅನ್ನುವುದು ಬೇರೆ ಮಾತು.

ಗಣಿತ ವಿಭಾಗದ ಮೀಟರು ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು. ಏಳು ವರ್ಷದ ಕೆಳಗೆ ಒಂದು ದಿನ ಹೋಗಿ ನೋಡುತ್ತಾರೆ, ಸಂದಿಗೆ ಅಡ್ಡವಾಗಿ ಆಳೆತ್ತರದ ಕಬ್ಬಿಣದ ಬೀರು. ಬೀರುವಿನ ತುಂಬ ಉತ್ತರಪತ್ರಿಕೆಗಳು. ಯಾರೋ ವಿದ್ಯಾರ್ಥಿ ತನಗೆ ಎರಡು ಅಂಕ ಕಡಿಮೆ ಬಂದಿದೆಯೆಂದು ಕೋರ್ಟಿಗೆ ಹೋಗಿದ್ದ. ತೀರ್ಪು ಬರುವವರೆಗೆ ಬೀರುವನ್ನು ಯಾರೂ ಅಲುಗಾಡಿಸಕೂಡದೆಂದು ಬೀಗಕ್ಕೆ ಅರಗಿನ ಮುದ್ರೆ ಒತ್ತಿದ್ದರು. ಮೀಟರಪ್ಪ ಗೋಡೆಗೆ ಕೆನ್ನೆ ಒತ್ತಿ ಟಾರ್ಚು ಬಿಟ್ಟು ನೋಡಿದರು. ಬೀರುವಿನ ಬೆನ್ನು ಕಂಡಿತು. ಕುಲಸಚಿವರ ಕಚೇರಿಗೆ ಪತ್ರ ಬರೆದರು. ಉತ್ತರವಿಲ್ಲ. ಇನ್ನೆರಡು ಬರೆದರು. ಕೊನೆಗೆ ಅಲ್ಲಿನ ಗುಮಾಸ್ತ ಕಾರಿಡಾರಿನಲ್ಲಿ ಸಿಕ್ಕಿ ಬುದ್ಧಿ ಹೇಳಿದ.

“ಅಯ್ಯೋ ಮೀಟರಪ್ಪ, ಕೋರ್ಟಿನ ವಿಷಯಕ್ಕೆ ಯಾಕ್ರೀ ಕೈ ಹಾಕ್ತೀರಿ? ಒಂದು ಅಂದಾಜು ಬರ್ಕೊಂಡು ಹೋಗಿ. ಯಾರು ನೋಡ್ತಾರೆ?”

ಮೀಟರಪ್ಪ ಅಂದಾಜು ಬರೆಯತೊಡಗಿದರು. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿ ಬರೆಯುತ್ತಿದ್ದರು, ಇವರು ತಲೆ ಕೆಡಿಸಿಕೊಂಡು ಬರೆದರು. ಪರೀಕ್ಷೆಯ ತಿಂಗಳು ಸ್ವಲ್ಪ ಹೆಚ್ಚು, ರಜೆಯಲ್ಲಿ ಕಡಿಮೆ, ಸೆಕೆಗೆ ಫ್ಯಾನಿನ ಬಾಬ್ತು ಒಂದಿಷ್ಟು. ಒಟ್ಟಿನಲ್ಲಿ ಕಡಿಮೆಯೇ ಬರೆಯುತ್ತಿದ್ದರು. ಕಣ್ಣಿಗೆ ಕಾಣದ ಅಂಕಿಯನ್ನು ದೊಡ್ಡದಾಗಿ ಬರೆಯಲು ಅವರಿಗೆ ಸಂಕೋಚ.

ಮೂರು ವರ್ಷ ಇದರಿಂದ ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯ ವರ್ಷ ಇಂಗಾಲದ ಮೇಡಂ ಬಂದರು.

ವಿಶ್ವವಿದ್ಯಾಲಯ ಗಾಳಿಗೆ ಎಷ್ಟು ಇಂಗಾಲ ಬಿಡುತ್ತದೆಂದು ಲೆಕ್ಕ ಹಾಕಿ ಅದನ್ನು ಇಳಿಸುವುದು ಆಕೆಯ ಕೆಲಸ. ಬಸ್ಸಿನ ಡೀಸೆಲ್ಲು, ಅಡುಗೆಮನೆಯ ಗ್ಯಾಸು, ಲ್ಯಾಬಿನ ಫ್ರಿಜ್ಜು ಯಾವುದನ್ನೂ ಬಿಡಲಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಪಾಲು ಕರೆಂಟಿನದು, ಅದಕ್ಕೆ ಆಕೆಗೆ ಸಿಕ್ಕ ಒಂದೇ ಆಧಾರ ಮೀಟರಪ್ಪನವರ ನೋಟ್‌ಬುಕ್ಕು. ಮೊದಲ ಸಲ ಪುಟ ತಿರುವಿ ನೋಡಿ, “ಇಷ್ಟು ನೀಟಾಗಿ ರೆಕಾರ್ಡ್ ಇಟ್ಟವರನ್ನ ನಾನೆಲ್ಲೂ ನೋಡಿಲ್ಲ ಸರ್” ಅಂದರು. ಮೀಟರಪ್ಪನಿಗೆ ಸರ್ ಅಂದವರು ಅದುವರೆಗೆ ಯಾರೂ ಇರಲಿಲ್ಲ. ಬೀರುವಿನ ವಿಷಯ ಅವರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

ಮೇಡಂ ಕಟ್ಟಡಗಳ ನಡುವೆ ಒಂದು ಸ್ಪರ್ಧೆ ಹೂಡಿದರು. ವರ್ಷದಲ್ಲಿ ಯಾವ ಕಟ್ಟಡ ಶೇಕಡಾ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಇಂಗಾಲ ಇಳಿಸುತ್ತದೋ ಅದರ ತಾರಸಿಗೆ ಬಿಸಿಲಿನಿಂದ ನೀರು ಕಾಯಿಸುವ ಒಂದು ದೊಡ್ಡ ಟ್ಯಾಂಕು ಬಹುಮಾನ. ಇದನ್ನು ಕೇಳಿ ಸೆರಗು ಕಟ್ಟಿ ನಿಂತವರು ಹುಡುಗಿಯರ ಹಾಸ್ಟೆಲಿನ ವಾರ್ಡನ್. ವಾರ್ಡನ್ ಅಂದರೆ ಬೇರೆ ಯಾರೂ ಅಲ್ಲ, ಮೀಟರಪ್ಪನ ಹೆಂಡತಿ. ಹಾಸ್ಟೆಲಿನಲ್ಲಿ ನೂರಿಪ್ಪತ್ತು ಹುಡುಗಿಯರು, ಹಳೆಯ ಎಂಟು ಗೀಸರುಗಳು. ಆಕೆ ಹುಡುಗಿಯರನ್ನೆಲ್ಲ ಊಟದ ಹಾಲಿನಲ್ಲಿ ಕೂರಿಸಿ ಹೇಳಿದರು: “ನೋಡ್ರಮ್ಮ, ಒಂದು ವರ್ಷ ತಣ್ಣೀರು. ಆಮೇಲೆ ಜೀವಮಾನ ಪೂರ್ತಿ ಬಿಸಿನೀರು.” ಗೀಸರುಗಳಿಗೆ ಬೀಗ ಬಿತ್ತು. ಇಸ್ತ್ರಿ ಪೆಟ್ಟಿಗೆ ವಾರ್ಡನ್ ರೂಮಿಗೆ ಬಂತು. ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ಬಚ್ಚಲಿನಿಂದ ಹೊರಡುತ್ತಿದ್ದ ಕಿರುಚಾಟ ಎದುರಿನ ಲೈಬ್ರರಿಗೂ ಕೇಳುತ್ತಿತ್ತು.

ಹಾಸ್ಟೆಲು ನೂರಕ್ಕೆ ಹದಿಮೂರು ಪಾಲು ಇಳಿಸಿತು. ಗಣಿತ ವಿಭಾಗ ಹದಿನಾಲ್ಕು.

ಇದಕ್ಕೆ ಕಾರಣ ಮೀಟರಪ್ಪನವರ ಸಜ್ಜನಿಕೆ. ಇಡೀ ಆವರಣ ಕರೆಂಟು ಉಳಿಸುತ್ತಿರುವಾಗ ಗಣಿತದವರು ಮಾತ್ರ ಉಳಿಸುತ್ತಿಲ್ಲವೆಂದು ಬರೆಯುವುದು ಹೇಗೆ? ಪಾಪ, ಅವರೂ ಉಳಿಸುತ್ತಿರಬಹುದು. ಹಾಗಂದುಕೊಂಡು ತಿಂಗಳಿಗಿಷ್ಟು ಇಳಿಸುತ್ತ ಬಂದಿದ್ದರು. ವರ್ಷದ ಕೊನೆಗೆ ಅದೆಲ್ಲ ಸೇರಿ ಹದಿನಾಲ್ಕಾದೀತೆಂದು ಅವರು ಕೂಡಿ ನೋಡಿರಲಿಲ್ಲ. ಎರಡನೆಯ ವರ್ಷ ಹೆದರಿ ಕಡಿಮೆ ಇಳಿಸಿದರು. ಆ ವರ್ಷ ಹಾಸ್ಟೆಲಿನಲ್ಲಿ ಇಳಿಸಲು ಹೆಚ್ಚೇನೂ ಉಳಿದಿರಲಿಲ್ಲ, ಮತ್ತೆ ಗಣಿತವೇ ಗೆದ್ದಿತು. ಮೂರನೆಯ ವರ್ಷವೂ ಅದೇ ಕತೆ, ಗಣಿತ ಮೊದಲು, ಹಾಸ್ಟೆಲು ಎರಡನೆಯದು. ಯಾರೂ ಸ್ನಾನ ಮಾಡದ ಗಣಿತ ವಿಭಾಗದ ತಾರಸಿಯ ಮೇಲೆ ಮೂರು ಬಿಸಿನೀರಿನ ಟ್ಯಾಂಕುಗಳು ಸಾಲಾಗಿ ಕೂತವು. ಅಲ್ಲಿ ನಲ್ಲಿ ತಿರುಗಿಸಿ ಕೈ ತೊಳೆದವರು ಸುಟ್ಟ ಕೈಗೆ ಉಫ್ ಎಂದು ಊದಿಕೊಳ್ಳುತ್ತ ಬರುತ್ತಿದ್ದರು.

ಮೂರನೆಯ ಬಹುಮಾನದ ಸಭೆಯಲ್ಲಿ ಗಣಿತದ ಮುಖ್ಯಸ್ಥರು ಅರ್ಧ ಗಂಟೆ ಮಾತಾಡಿದರು. ತಮ್ಮ ಯಶಸ್ಸಿಗೆ ಕಿಟಕಿಯ ನೀಲಿ ಪರದೆಗಳೇ ಕಾರಣ ಅಂದರು. ತಮ್ಮ ಕರೆಂಟು ಬಳಕೆಯ ರೇಖೆ ಇಷ್ಟು ನಯವಾಗಿ ಇಳಿದಿರುವುದು ನಿಸರ್ಗದಲ್ಲೇ ಅಪರೂಪ ಎಂದೂ ಅಂದರು. ಅವರು ಗಣಿತದವರು, ಅಷ್ಟು ನಯವಾದ ರೇಖೆ ಕಂಡಾಗ ಅನುಮಾನ ಬರಬೇಕಿತ್ತು. ಬಹುಮಾನ ಕೈಯಲ್ಲಿದ್ದಾಗ ಅನುಮಾನ ಯಾರಿಗೆ ಬರುತ್ತದೆ! ಹಿಂದಿನ ಸಾಲಿನಲ್ಲಿದ್ದ ಮೀಟರಪ್ಪ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಹೆಂಡತಿ ಚಪ್ಪಲಿ ಬಿಡುತ್ತಲೇ ಕೇಳಿದರು. “ರೀ, ಆ ಗಣಿತದವರ ಮೀಟರು ಸರಿಯಾಗಿ ನೋಡ್ತೀರಿ ತಾನೆ?”

“ನೋಡ್ತೀನಿ.”

“ಹೋಗ್ಲಿ ಬಿಡಿ. ನೀವು ನೋಡಿದ್ದೀರಿ ಅಂದ್ಮೇಲೆ ಅದು ಸರೀನೇ ಇರುತ್ತೆ. ನಾವೇ ಇನ್ನೂ ಬಿಗಿ ಹಿಡೀಬೇಕು. ಈ ವರ್ಷ ನಿದ್ದೆಗೆ ಫ್ಯಾನೂ ಬೇಡ ಅಂತೀನಿ ಹುಡುಗೀರಿಗೆ.”

ಅಂದಾಜು ಬರೆದದ್ದು ಬೇರೆ. ಎದುರಿಗೆ ನಿಂತು ಕೇಳಿದಾಗ ಹೇಳಿದ ಸುಳ್ಳು ಬೇರೆ. ಮೀಟರಪ್ಪ ಆ ದಿನ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ನಾಲ್ಕನೆಯ ವರ್ಷದ ಕೊನೆಯ ರೀಡಿಂಗು ಬಂತು. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೂವತ್ತೇಳು ಮೀಟರು ಮುಗಿಸಿ, ಗಣಿತ ವಿಭಾಗದ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕು ತೆರೆದರು. ದಾರಿ ಸುಲಭವಿತ್ತು. ಗಣಿತದವರ ಅಂಕಿ ಈ ಒಂದು ಸಲ ಇನ್ನೂರು ಹೆಚ್ಚು ಬರೆದರೆ ಸಾಕು, ಹಾಸ್ಟೆಲು ಗೆಲ್ಲುತ್ತದೆ, ಹುಡುಗಿಯರಿಗೆ ಬಿಸಿನೀರು ಬರುತ್ತದೆ, ತುಟಿ ಪಿಟಕ್ಕೆನ್ನದೆ ಮನೆಗೆ ಹೋಗಬಹುದು. ಪೆನ್ಸಿಲ್ಲು ಕಾಗದಕ್ಕೆ ತಗುಲಿಸಿದರು. ಆಗ ಹೆಂಡತಿಯ ಮುಖ ಕಣ್ಣಿಗೆ ಬಂತು. ನಾಲ್ಕು ವರ್ಷ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು ಗಂಡನ ಸುಳ್ಳಿನಿಂದ ಗೆಲ್ಲಬೇಕೇ? ಅವರು ಎದ್ದು ನೇರವಾಗಿ ಇಂಗಾಲದ ಮೇಡಂ ಕೋಣೆಗೆ ಹೋದರು.

ಎಲ್ಲವನ್ನೂ ಹೇಳಿ ಮುಗಿಸಿ, ಬೈಗುಳಕ್ಕೆ ಕಾದು ನಿಂತರು. ಮೇಡಂ ಬೈಯಲಿಲ್ಲ. ನೋಟ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು ಕೇಳಿದರು.

“ಹಾಗಾದ್ರೆ ಆ ಸೋರಿಕೆ?”

ಆವರಣಕ್ಕೆ ಬರುವ ಒಟ್ಟು ಕರೆಂಟಿಗೂ ಮೂವತ್ತೆಂಟು ಮೀಟರುಗಳ ಮೊತ್ತಕ್ಕೂ ಎಂದೂ ತಾಳೆಯಾಗುತ್ತಿರಲಿಲ್ಲ. ನೆಲದೊಳಗಿನ ಕೇಬಲ್ಲು ಎಲ್ಲೋ ಸೋರುತ್ತಿದೆಯೆಂದು ಮೇಡಂ ಎರಡು ಸಲ ರಸ್ತೆ ಅಗೆಸಿದ್ದರು.

“ಸೋರಿಕೆ ಇಲ್ಲ ಮೇಡಂ,” ಮೀಟರಪ್ಪ ಅಂದರು. “ಅದು ನಾನೇ.”

ಮೇಡಂ ಕೋರ್ಟಿನ ಕಡತ ಏನಾಯಿತೆಂದು ವಿಚಾರಿಸಿದರು. ಮೊಕದ್ದಮೆ ಮುಗಿದು ಆರು ವರ್ಷವಾಗಿತ್ತು. ಆ ವಿದ್ಯಾರ್ಥಿ ತನ್ನ ಎರಡು ಅಂಕ ಗೆದ್ದು, ಪಾಸಾಗಿ, ಈಗ ಅದೇ ಗಣಿತ ವಿಭಾಗದಲ್ಲಿ ಪಾಠ ಮಾಡುತ್ತಿದ್ದ. ದಿನಾ ಬೀರುವಿನ ಮುಂದೆಯೇ ಹಾದುಹೋಗುತ್ತಿದ್ದ. ಬೀರು ಸರಿಸಲು ಅವನೂ ಒಂದು ಕೈ ಹಾಕಿದ. ನಾಲ್ಕು ಜನ, ಹನ್ನೊಂದು ನಿಮಿಷ. ಏಳು ವರ್ಷದ ಕೆಲಸ ಅಷ್ಟರಲ್ಲಿ ಮುಗಿಯಿತು.

ಮೀಟರು ಯಾರ ಹಂಗೂ ಇಲ್ಲದೆ ಓಡುತ್ತಲೇ ಇತ್ತು. ಮೀಟರಪ್ಪ ಗಾಜು ಒರೆಸಿ ಎಡದಿಂದ ಓದಿದರು, ಬಲದಿಂದ ಓದಿದರು. ಏಳು ವರ್ಷದಲ್ಲಿ ಅವರು ಬರೆದದ್ದರ ಮೂರೂಕಾಲು ಪಟ್ಟು ಓಡಿತ್ತು. ಅಷ್ಟೊಂದು ಎಲ್ಲಿ ಹೋಯಿತೆಂದು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದರೆ, ಬೀಗ ಹಾಕಿದ ಕೋಣೆಯೊಳಗೆ ಹನ್ನೆರಡು ಕಂಪ್ಯೂಟರುಗಳು, ಅವುಗಳನ್ನು ತಂಪಾಗಿಡಲು ಎರಡು ಏಸಿ. ಎಂದೋ ನಿವೃತ್ತರಾದ ಪ್ರೊಫೆಸರೊಬ್ಬರು ಯಾವುದೋ ಲೆಕ್ಕ ಮಾಡಲು ಹಚ್ಚಿ ಹೋಗಿದ್ದರು. ಲೆಕ್ಕ ಇನ್ನೂ ನಡೆದಿತ್ತು. ಫೋನ್ ಮಾಡಿ ಕೇಳಿದರೆ, ಪ್ರಶ್ನೆ ಏನೆಂದು ತಮಗೆ ನೆನಪಿಲ್ಲ ಅಂದರು. ಮೇಡಂ ಸ್ವಿಚ್ಚು ಆರಿಸಿದರು. ನೂರಿಪ್ಪತ್ತು ಹುಡುಗಿಯರು ವರ್ಷವೆಲ್ಲ ನಡುಗಿ ಇಳಿಸಿದ್ದಕ್ಕಿಂತ ಹೆಚ್ಚು ಇಂಗಾಲ ಆ ಒಂದು ಸ್ವಿಚ್ಚಿನಲ್ಲಿತ್ತು.

ಮೀಟರಪ್ಪ ಅಲ್ಲಿಂದ ಹಾಸ್ಟೆಲಿಗೆ ನಡೆದರು. ಹೆಂಡತಿ ಮೇಜಿನ ಮುಂದೆ ಕೂತು ಹಾಜರಿ ಪುಸ್ತಕ ನೋಡುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿಸಿಕೊಂಡರು.

“ಮೂರು ವರ್ಷಾನೂ ನಾವೇನಾ ಗೆದ್ದಿದ್ದು?”

“ಮೂರು ವರ್ಷಾನೂ ನೀವೇ. ಅಳೆಯದೇ ಇರೋ ಕಟ್ಟಡ ಲೆಕ್ಕಕ್ಕೇ ಇಲ್ಲ ಅಂದ್ರು ಮೇಡಂ.”

“ನಾನು ಕೇಳಿದ್ದೆ ನಿಮ್ಮನ್ನ.”

“ಹೌದು, ನೀನು ಕೇಳಿದ್ದೆ.”

ಆಕೆ ಪುಸ್ತಕ ಮುಚ್ಚಿದರು. ಅತ್ತಿದ್ದರೆ, ಕೂಗಾಡಿದ್ದರೆ ಮೀಟರಪ್ಪನಿಗೆ ಹಗುರವಾಗುತ್ತಿತ್ತು. ಆಕೆ ಎರಡನ್ನೂ ಮಾಡಲಿಲ್ಲ. “ನನ್ನ ವಿಷಯ ಬಿಡಿ, ನಾನು ಹೆಂಡತಿ, ಹೇಗೋ ಹೊಟ್ಟೆಗೆ ಹಾಕ್ಕೋತೀನಿ. ತಣ್ಣೀರಲ್ಲಿ ನಡುಗಿದ ಮಕ್ಕಳಲ್ಲಿ ಎಂಬತ್ಮೂರು ಜನ ಓದು ಮುಗಿಸಿ ಹೋಗಿಬಿಟ್ರು. ಸೋತ್ವಿ ಅಂದ್ಕೊಂಡೇ ಹೋದ್ರು. ಅವರಿಗೆ ಯಾರು ಹೇಳ್ತಾರೆ?”

ಕುಲಸಚಿವರ ಕಚೇರಿ ಮೀಟರಪ್ಪನಿಗೆ ವಿವರಣೆ ಕೇಳಿ ನೋಟೀಸು ಕೊಟ್ಟಿತು. ಅವರು ತಮ್ಮ ಮೂರು ಪತ್ರಗಳ ಪ್ರತಿಗಳನ್ನು, ಅದೇ ಕಚೇರಿ ಸ್ವೀಕರಿಸಿದ ಮೊಹರಿನ ಸಮೇತ, ಲಗತ್ತಿಸಿದರು. ಆಮೇಲೆ ಆ ಕಚೇರಿ ಏನನ್ನೂ ಕೇಳಲಿಲ್ಲ. ಗಣಿತದ ಮೂರು ಟ್ಯಾಂಕುಗಳು ಆ ವಿಭಾಗದ ಆಸ್ತಿಯೆಂದು ದಾಖಲಾಗಿದ್ದರಿಂದ ಇಳಿಸಲು ಬರುವುದಿಲ್ಲ ಅಂದರು. ನಾಲ್ಕನೆಯ ವರ್ಷದ ಟ್ಯಾಂಕು ಹಾಸ್ಟೆಲಿನ ತಾರಸಿಗೆ ಏರಿತು. ಹೊಸ ಹುಡುಗಿಯರು ಇದು ಎಂದಿನಿಂದಲೂ ಇದ್ದದ್ದೇ ಎಂಬಂತೆ ಬಿಸಿನೀರು ಹೊಯ್ದುಕೊಂಡರು.

ಮೀಟರಪ್ಪ ಹಾಸ್ಟೆಲಿನ ಹಳೆಯ ರಿಜಿಸ್ಟರಿನಿಂದ ವಿಳಾಸ ಇಳಿಸಿಕೊಂಡು ಕಾಗದ ಬರೆಯಲು ಕೂತರು. ಮೊದಲನೆಯದರಲ್ಲಿ ಬೀರು, ಕೋರ್ಟು, ಗುಮಾಸ್ತ ಎಲ್ಲ ಬಂದು ನಾಲ್ಕು ಪುಟವಾಯಿತು. ಹೆಂಡತಿ ಓದಿ ವಾಪಸು ಕೊಟ್ಟರು. “ಇಷ್ಟುದ್ದ ಯಾಕೆ? ಗೆದ್ದಿದ್ದೀರಿ ಅಂತ ಬರೀರಿ. ತಪ್ಪು ನಂದು ಅಂತ ಬರೀರಿ. ಮುಗೀತು.” ಹಾಗೆಯೇ ಬರೆದರು. ಕೈಬರಹದಲ್ಲಿ ಎಂಬತ್ತಮೂರು ಕಾಗದ, ಪ್ರತಿಯೊಂದರಲ್ಲೂ ಆಯಾ ವರ್ಷದ ಹಾಸ್ಟೆಲಿನ ರೀಡಿಂಗು.

ಬಹಳ ದಿನ ಯಾರೂ ಉತ್ತರ ಬರೆಯಲಿಲ್ಲ. ಅವರ ನಿವೃತ್ತಿಯಾಗಿ ಎರಡು ವಾರಕ್ಕೆ ಒಂದು ಕಾಗದ ಬಂತು. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದ ಹುಡುಗಿ, ಈಗ ಯಾವುದೋ ಊರಿನಲ್ಲಿ ಶಾಲೆಯ ಟೀಚರು. ಮೀಟರಪ್ಪ ಕನ್ನಡಕ ಹಾಕಿಕೊಂಡು ಹೆಂಡತಿಗೆ ಕೇಳುವಂತೆ ಓದಿದರು.

“ಅಂಕಲ್, ಆ ವರ್ಷ ನನಗೆ ತಣ್ಣೀರು ತಡೆಯೋಕೆ ಆಗ್ತಿರಲಿಲ್ಲ. ಪೆಟ್ಟಿಗೆಯಲ್ಲಿ ನೀರು ಕಾಯಿಸೋ ಕಾಯಿಲ್ ಇಟ್ಟುಕೊಂಡು ದಿನಾ ಕದ್ದು ಒಂದು ಬಕೆಟ್ ಕಾಯಿಸ್ತಿದ್ದೆ. ನಾವು ಒಂದೇ ಪಾಲಿನಲ್ಲಿ ಸೋತಾಗ ಆಂಟಿ ಸ್ಟೇಜ್ ಪಕ್ಕ ನಿಂತಿದ್ದರು, ಅವರ ಮುಖ ನೋಡೋಕೆ ಆಗಲಿಲ್ಲ. ನನ್ನ ಬಕೆಟ್ಟಿನಿಂದಲೇ ಸೋತದ್ದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.”

ಮೀಟರಪ್ಪ ಕಾಗದವನ್ನು ಹೆಂಡತಿಯ ಕಡೆ ಚಾಚಿದರು. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ತಾವೇ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇದಕ್ಕೆ ಇವತ್ತೇ ಉತ್ತರ ಬರೀರಿ.”

“ಏನಂತ?”

“ಅವಳ ಬಕೆಟ್ಟೂ ಸೇರಿಸಿಯೇ ನಾವು ಗೆದ್ದಿದ್ದು ಅಂತ.”