ಅವರ ಗುಳ್ಳಿ, ಅಣ್ಣನ ಕೊರತೆ

ಭಾನುವಾರ ಬಂದರೆ ಅಕ್ಕಪಕ್ಕದವರು ಸಿನಿಮಾಕ್ಕೋ ಚೌಪಾಟಿಗೋ ಹೋಗುತ್ತಿದ್ದರು. ನಾವು ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋಗುತ್ತಿದ್ದೆವು. ಮುಂಬೈಯಲ್ಲಿ ಹೊಸ ಕಟ್ಟಡ ಏಳುವ ಕಡೆಯಲ್ಲೆಲ್ಲ ಅದರ ಬುಡದಲ್ಲಿ ಒಂದು ಮಾದರಿ ಮನೆಯನ್ನು ಸಿಂಗರಿಸಿ ಇಟ್ಟಿರುತ್ತಾರೆ. ಎಸಿ ಇರುತ್ತದೆ, ಕಾಫಿ ಪುಕ್ಕಟೆ, ಚಪ್ಪಲಿಗೆ ತೊಡಿಸಲು ನೀಲಿ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಕೊಳ್ಳುವ ಯೋಚನೆ ನಮ್ಮ ಮನೆಯವರಿಗೆ ಸುತರಾಂ ಇರಲಿಲ್ಲ. ಅವರು ಹೋಗುತ್ತಿದ್ದುದು ಮಂಚ ಪರೀಕ್ಷಿಸಲು.

ಕೋಣೆ ದೊಡ್ಡದಾಗಿ ಕಾಣಲಿ ಎಂದು ಆ ಮನೆಗಳಲ್ಲಿ ಮಂಚವನ್ನು ಗಿಡ್ಡ ಮಾಡಿಸಿರುತ್ತಾರೆ. ಅದು ಗೊತ್ತಾದ ದಿನದಿಂದ ಇವರು ಎಲ್ಲಿ ಹೋದರೂ ಮೊದಲು ಉದ್ದಕ್ಕೆ ಮಲಗಿಬಿಡುತ್ತಿದ್ದರು. ಧಾರವಾಡದ ಕಡೆಯ ಎತ್ತರದ ಮನುಷ್ಯ. ಪಾದ ಎರಡೂ ಗಾಳಿಯಲ್ಲಿ. ಮನೆ ತೋರಿಸುವ ಹುಡುಗಿಯನ್ನು ಮಲಗಿಕೊಂಡೇ ಕೇಳುವರು: "ಮೇಡಂ, ಯೇ ಪಲಂಗ್ ಹೈ ಕಿ ಪಾಲ್ನಾ?" ಇದು ಮಂಚವೋ ತೊಟ್ಟಿಲೋ ಎಂದು. ಹುಡುಗಿ ನಗುವಳು. ನಾನು ಗೋಡೆಯ ಕಡೆ ಮುಖ ಮಾಡಿ ಕಾಫಿ ಮುಗಿಸುತ್ತಿದ್ದೆ. ಹೊರಗೆ ಬಂದ ಕೂಡಲೇ ತೀರ್ಪು: "ಗುಳ್ಳಿ ಅದ ಇದು, ಬರೇ ಗುಳ್ಳಿ. ಒಡೀತದ, ತಡಿ."

ಮನೆಗಳ ಬೆಲೆ ಸೋಪಿನ ಗುಳ್ಳೆಯ ಹಾಗೆ ಉಬ್ಬಿದೆ, ನಾಳೆ ಇನ್ನೊಬ್ಬನಿಗೆ ಹೆಚ್ಚಿಗೆ ಮಾರಲೆಂದೇ ಎಲ್ಲರೂ ಕೊಳ್ಳುತ್ತಿದ್ದಾರೆ, ಒಂದು ದಿನ ಅದು ಒಡೆದೇ ಒಡೆಯುತ್ತದೆ, ಆಗ ನಾವು ಆರಾಮವಾಗಿ ಹೋಗಿ ಕೊಳ್ಳೋಣ. ಇದು ಅವರ ಸಿದ್ಧಾಂತ. ಹೀಗೆ ಕಾಯುತ್ತ ಕಾಯುತ್ತ ನಮ್ಮ ಸಂಸಾರವೆಲ್ಲ ವಿಕ್ರೋಳಿಯ ಬಾಡಿಗೆ ಮನೆಯಲ್ಲೇ ಕಳೆಯಿತು.

ವಿರೋಧ ಪಕ್ಷ ನನ್ನ ಅಣ್ಣ. ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರ್. ರಜೆ ಸಿಕ್ಕಿದಾಗ ಊಟಕ್ಕೆ ಬಂದರೆ ಕೈ ತೊಳೆಯುವ ಮೊದಲೇ ಚರ್ಚೆ ಶುರು.

"ಭಾವ, ಗುಳ್ಳೇನೂ ಇಲ್ಲ ಗಿಳ್ಳೇನೂ ಇಲ್ಲ. ಜನ ಜಾಸ್ತಿ, ಮನೆ ಕಮ್ಮಿ. ನಮ್ಮ ಲಾಡ್ಜಲ್ಲಿ ಒಂದು ಕಾಟ್ ಖಾಲಿ ಆದ್ರೆ ಹಾಸಿಗೆ ಬಿಸಿ ಆರೋ ಮುಂಚೆ ಇನ್ನೊಬ್ಬ ಬಂದು ಮಲಗ್ತಾನೆ."

"ಮನಿ ಕಡಿಮಿ ಇದ್ರ ಆ ಕಿಡಕಿ ಯಾಕ ಕತ್ತಲ ಅದಾವ? ಬಾ ಇಲ್ಲೆ, ನೋಡ."

ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಒಂದು ಟವರ್ ಎದ್ದು ನಿಂತಿತ್ತು. ಎಲ್ಲ ಮನೆಗಳೂ ಮಾರಾಟವಾಗಿವೆ ಎಂದು ಬೋರ್ಡು ಹಾಕಿ ಬಹಳ ಕಾಲವಾಗಿತ್ತು. ಆದರೂ ಸಂಜೆಯಾದರೆ ಅಲ್ಲೊಂದು ಇಲ್ಲೊಂದು ದೀಪ.

"ಎಲ್ಲಾ ಮಾರ್ಯಾವಂತ. ಯಾರು, ದೆವ್ವ ಕೊಂಡಾವೇನ?"

ಒಂದು ಸಂಜೆ ಮೇಲಿನ ಮಹಡಿಯೊಂದರಲ್ಲಿ ಹೊಸದಾಗಿ ದೀಪ ಹತ್ತಿತು. ಅಣ್ಣ ಚಪ್ಪಾಳೆ ತಟ್ಟಿದ. ಇವರ ಮುಖ ಬಾಡಿಹೋಯಿತು. ಹಪ್ಪಳ ಕೂಡ ಮುಟ್ಟಲಿಲ್ಲ. ಮರುದಿನ ವಿಚಾರಿಸಿಕೊಂಡು ಬಂದರು: ಆ ಖಾಲಿ ಮನೆಯಲ್ಲಿ ವಾಚ್‌ಮನ್ ಮೊಬೈಲ್ ಚಾರ್ಜಿಗೆ ಹಾಕಿದ್ದನಂತೆ. ಬರುವಾಗ ಜಿಲೇಬಿ ತಂದಿದ್ದರು.

ಹೋದ ಶ್ರಾವಣದಲ್ಲಿ ಅವರ ಹೃದಯ ತೊಂದರೆ ಕೊಟ್ಟಿತು. ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಹಾಸಿಗೆಯ ಮೇಲೆ ಕಾಲು ಚಾಚಿ, ಹೆಬ್ಬೆರಳು ಆಡಿಸಿ ನೋಡಿಕೊಂಡು ನನಗೆ ಹೇಳಿದರು, "ಇಡೀ ಮುಂಬೈದಾಗ ಇದೊಂದ ನೋಡ, ಸರಿ ಅಳತಿ ಮಂಚ." ನಾನು ನಕ್ಕೆ. ಅವರು ಅಲ್ಲಿಂದ ಮನೆಗೆ ಬರಲಿಲ್ಲ.

ಮೊದಲ ಮಾಸಿಕ ಮುಗಿಯುತ್ತಲೇ ಮನೆ ಮಾಲೀಕರ ಫೋನ್. ಪಾಪ, ಕೆಟ್ಟವರಲ್ಲ. ಮನೆ ಮಾರುತ್ತಿದ್ದೇನೆ, ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ ಎಂದರು. ಅವರು ಹೇಳಿದ ಬೆಲೆ ಕೇಳಿ ನಾನು ಅಭ್ಯಾಸಬಲದಿಂದ ಒಳಕೋಣೆಯ ಕಡೆ ತಿರುಗಿದೆ, "ಗುಳ್ಳಿ" ಎಂಬ ಮಾತು ಬರುತ್ತದೆ ಎಂದು. ದೀಪಾವಳಿಯೊಳಗೆ ನಾನು ಎಲ್ಲಿಗಾದರೂ ಹೋಗಬೇಕಿತ್ತು.

ಅಣ್ಣ ರಜೆ ಹಾಕಿ ನನ್ನ ಜೊತೆ ಬಾಡಿಗೆ ಮನೆ ಹುಡುಕಿದ. ಒಂದು ಮನೆ ಖಾಲಿ ಎಂದು ಗೊತ್ತಾದರೆ ಸಾಕು, ಮೆಟ್ಟಿಲ ಮೇಲೆ ಸಾಲು. ಗಂಡ ಹೆಂಡತಿ, ಕಂಕುಳಲ್ಲಿ ಮಗು, ಕೈಯಲ್ಲಿ ಅಡ್ವಾನ್ಸಿನ ಚೆಕ್. ನಾವು ಮೂರನೇ ಮಹಡಿ ಮುಟ್ಟುವ ಹೊತ್ತಿಗೆ "ಹೋ ಗಯಾ, ಆಂಟಿ" ಎನ್ನುವ ಏಜೆಂಟ್. ಇನ್ನೊಂದು ಕಡೆ ಸೊಸೈಟಿಯ ಸೆಕ್ರೆಟರಿ, "ಅಕೇಲಿ ರಹೇಂಗಿ?" ಒಬ್ಬರೇ ಇರುತ್ತೀರಾ ಎಂದು ಕೇಳಿ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಒಂದು ಸಂಜೆ ಹಾಗೇ ಬರಿಗೈಯಲ್ಲಿ ಬಂದು ಚಹಾ ಮಾಡಿದೆ. ಅಣ್ಣ ಕಿಟಕಿಯ ಬಳಿ, ನಮ್ಮ ಮನೆಯವರ ಕುರ್ಚಿಯಲ್ಲಿ ಕೂತಿದ್ದ.

"ನೋಡೇ, ಆ ಟವರಲ್ಲಿ ನಾಲ್ಕು ದೀಪಾನೂ ಇಲ್ಲ. ಭಾವ ಹೇಳ್ತಿದ್ದಿದ್ದೇ ಸರಿ ಕಣೆ. ಗುಳ್ಳೆ ಇದು."

"ಏನಣ್ಣಾ ಹೀಗಂತೀಯ! ಮೆಟ್ಟಿಲ ಮೇಲೆ ಆ ಪಾಟಿ ಜನ ನಿಂತಿದ್ರಲ್ಲ, ನೋಡ್ಲಿಲ್ವಾ? ಮನೆ ಎಲ್ಲಿದೆ ಈ ಊರಲ್ಲಿ?"

"ಮನೆ ಇದೆಯಲ್ಲ ಎದುರುಗಡೆ! ಬೀಗ ಹಾಕಿಟ್ಟಿದ್ದಾರೆ, ಅಷ್ಟೆ."

"ಬೀಗ ಹಾಕಿದ ಮೇಲೆ ಇದ್ರೆಷ್ಟು ಬಿಟ್ರೆಷ್ಟು? ನಿಂತವರಿಗೆ ಕೊರತೆ ಕೊರತೆನೇ."

"ನಿನಗೆ ತಿಳಿಯಲ್ಲ, ಸುಮ್ನಿರು. ಒಡೆಯುತ್ತೆ ನೋಡ್ತಿರು."

ಅಲ್ಲಿಗೆ ಇಬ್ಬರೂ ನಿಲ್ಲಿಸಿದೆವು. ಅಣ್ಣ ನಮ್ಮ ಮನೆಯವರ ಮಾತನ್ನು ಆಡುತ್ತಿದ್ದ. ನಾನು ಅಣ್ಣನ ಮಾತನ್ನು. ಅವನು ಚಹಾದ ಲೋಟದಲ್ಲಿ ಮುಖ ಮರೆಸಿಕೊಂಡ. ಅಡುಗೆಮನೆಯಲ್ಲಿ ಅಷ್ಟು ದೊಡ್ಡ ದನಿ ಕೇಳಿ ತುಂಬ ದಿನವಾಗಿತ್ತು. ನನಗೆ ಆ ರಾತ್ರಿ ಹಸಿವಾಯಿತು.

ಮುಂದಿನ ವಾರ ಸ್ಟೇಷನ್ನಿನ ಆಚೆ ಬದಿಯ ಹಳೆಯ ಬಿಲ್ಡಿಂಗಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಲಿಫ್ಟ್ ಇಲ್ಲ. ಸುಣ್ಣ ಉದುರಿದೆ. ಎದುರು ಸಾಲಿನ ಕಿಟಕಿಗಳಲ್ಲೆಲ್ಲ ದೀಪ, ಒಣಹಾಕಿದ ಬಟ್ಟೆ, ಕುಕ್ಕರಿನ ಸೀಟಿ. ನಮ್ಮ ಮನೆಯವರ ಪಿಎಫ್ ಹಣ ಅದಕ್ಕೆ ಸರಿಯಾಗಿ ಸಾಕಾಗುತ್ತಿತ್ತು.

ಬಾಗಿಲಲ್ಲೇ ಅಣ್ಣ ಪಿಸುಗುಟ್ಟಿದ, "ಬೇಡ ಕಣೆ. ಈ ಗೂಡಿಗೆ ಇಷ್ಟು ದುಡ್ಡಾ? ನಾಳೆ ಗುಳ್ಳೆ ಒಡೆದ್ರೆ?"

"ಒಡೀಲಿ ಬಿಡು. ಮಾರೋರಿಗೆ ತಾನೇ ನಷ್ಟ? ನಾನು ಇರೋಳು."

ಹೇಳಿದೆನೇ ಹೊರತು ಅದು ಸುಲಭವಿರಲಿಲ್ಲ. ಅಷ್ಟು ವರ್ಷ ಅವರು ಬೇಡವೆಂದದ್ದನ್ನು ಅವರದೇ ಹಣದಲ್ಲಿ ಕೊಳ್ಳುವುದು. ಕೋಣೆಯಲ್ಲಿ ಮಂಚ ಇರಲಿಲ್ಲ. ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗಿದೆ.

"ಆಂಟಿ! ಚಕ್ಕರ್ ಆಯಾ ಕ್ಯಾ?" ನನಗೆ ತಲೆ ಸುತ್ತಿತೆಂದುಕೊಂಡು ಏಜೆಂಟ್ ನೀರು ತರಲು ಓಡಿದ.

ತಲೆ ಒಂದು ಗೋಡೆಗೆ ತಾಗಿತ್ತು. ಪಾದದಾಚೆ ಇನ್ನೂ ಮೊಳದಷ್ಟು ಜಾಗವಿತ್ತು. ಅವರಾಗಿದ್ದರೆ ಹಿಮ್ಮಡಿ ಎದುರು ಗೋಡೆಗೆ ಒತ್ತುತ್ತಿತ್ತು. ಎದ್ದು, ಪ್ಯಾಂಟು ಕೊಡವಿಕೊಂಡು, ತೀರ್ಪು ಕೊಡುತ್ತಿದ್ದರು. ನಾನು ಅವರಷ್ಟು ಎತ್ತರವಿಲ್ಲ.

"ನನಗೆ ಸರಿ ಅಳತೆ ಇದೆ, ಅಣ್ಣಾ," ಎಂದೆ.