ಒಂದು ಭಾರದ ಪದಕ್ಕೆ ಕೆಲಸ ಹುಡುಕಿದ್ದು

ಬೆಳಗ್ಗೆ ಹಾಲು ಕಾಯಿಸಿ, ಅತ್ತೆಗೆ ಸ್ನಾನಕ್ಕೆ ನೀರು ತೋಡಿಟ್ಟು, ತಟ್ಟೆ ಇಡ್ಲಿಯ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದೆ. ನನ್ನ ದಿನದಲ್ಲಿ ಅತ್ಯಂತ ನೆಮ್ಮದಿಯ ಹೊತ್ತು ಅದು. ಯಾರೂ ಏನೂ ಕೇಳುವುದಿಲ್ಲ. ಹಿಟ್ಟು ಕೂಡ ನನ್ನ ಸಲಹೆ ಕಾಯದೆ ರಾತ್ರಿಯೇ ತನ್ನ ಪಾಡಿಗೆ ಉಬ್ಬಿರುತ್ತದೆ. ಇವತ್ತು ಮಾತ್ರ ಪಕ್ಕದ ಮನೆಯ ಮಂಜುಳ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಳು. ಒಲೆಯ ಕಡೆ ನೋಡಿ, "ಅಕ್ಕ, ದಿಸ್ ಇಡ್ಲಿ ಈಸ್ ಸೋಬರಿಂಗ್. ಸರೀನಾ?" ಎಂದಳು.

ಅವಳನ್ನು ನೋಡಿ ನಗುವಂತಿರಲಿಲ್ಲ. ಆ ಪದವನ್ನು ಅವಳ ಕೈಗೆ ಕೊಟ್ಟವಳು ನಾನೇ.

ಮಂಜುಳ ಗುಬ್ಬಿಯವಳು. ಬಿ.ಎ. ಮುಗಿಸಿದ ವರ್ಷವೇ ಮದುವೆಯಾಗಿ ತುಮಕೂರಿಗೆ ಬಂದಳು. ಈಗ ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಕ್ಯಾತ್ಸಂದ್ರದ ಕಡೆಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಕೇಳಿದ್ದಳು. ಇವತ್ತು ಹತ್ತು ಗಂಟೆಗೆ ಇಂಟರ್‌ವ್ಯೂ. "ಇದೊಂದ್ ಸಲ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಇನ್ಮೇಲೆ ಕೆಲ್ಸದ ಮಾತೇ ಎತ್ತಲ್ಲ ಅಂತ ಮನೇಲಿ ಹೇಳ್ಬುಟ್ಟಿದೀನಿ ಅಕ್ಕ. ಒಂದು ಒಳ್ಳೇ ಇಂಗ್ಲಿಷ್ ಪದ ಕೊಡಿ, ಓದ್ಕೊಂಡಿರೋಳು ಅನ್ನಿಸ್ಬೇಕು" ಎಂದು ನಿನ್ನೆ ಬಂದು ಕೂತಿದ್ದಳು. ಕಾನ್ವೆಂಟಿನಲ್ಲಿ ಓದಿದ ನನ್ನಂಥ ಹೆಂಗಸಿಗೆ ಇಷ್ಟು ಸಾಕು. ಸೌಟು ಕೇಳಿದವಳಿಗೆ ಅಟ್ಟದ ಮೇಲಿನ ಮದುವೆ ಕೊಪ್ಪರಿಗೆಯನ್ನೇ ಇಳಿಸಿಕೊಟ್ಟೆ. ಸೋಬರಿಂಗ್ ಎಂದರೆ ಹಗುರಾಗಿ ಹಾರಾಡುತ್ತಿರುವವರನ್ನು ನೆಲಕ್ಕಿಳಿಸಿ, ಸುಮ್ಮನಾಗಿಸಿ, ಯೋಚನೆಗೆ ಹಚ್ಚುವಂಥದ್ದು ಎಂದು ವಿವರಿಸಿದೆ. ವಿವರಿಸುವಾಗ ನನ್ನ ದನಿಯೂ ಸ್ವಲ್ಪ ದಪ್ಪಗಾಗಿತ್ತೇನೋ.

ಜೊತೆಗೆ ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದ ಉಪಾಯವನ್ನೂ ಕೊಟ್ಟೆ: ಪದವನ್ನು ಸ್ವಂತ ವಾಕ್ಯದಲ್ಲಿ ಬಳಸು, ಆಗ ಅದು ನಿನ್ನದಾಗುತ್ತದೆ. ಉಪಾಯವೇನೋ ಒಳ್ಳೆಯದೇ. ಆದರೆ ನಾವು ಹುಡುಗಿಯರು ಯಾವ ಭಾರದ ಪದ ಬಂದರೂ ಒಬ್ಬ ರಾಜನನ್ನು ಸಾಯಿಸಿ ವಾಕ್ಯ ಮುಗಿಸುತ್ತಿದ್ದೆವು. ಹತ್ತನೇ ಕ್ಲಾಸು ದಾಟುವಷ್ಟರಲ್ಲಿ ನನ್ನೊಬ್ಬಳಿಂದಲೇ ಎಷ್ಟೋ ರಾಜವಂಶಗಳು ನಿರ್ನಾಮವಾಗಿದ್ದವು. ಮಂಜುಳ ನನಗಿಂತ ಮೃದು ಮನಸ್ಸಿನವಳು, ಯಾರನ್ನೂ ಕೊಲ್ಲಲಿಲ್ಲ. ಮನೆಯಲ್ಲಿ ಇದ್ದಬದ್ದ ವಸ್ತುಗಳನ್ನೆಲ್ಲ ಆ ಪದದ ಮುಂದೆ ನಿಲ್ಲಿಸಿ ನೋಡಿದಳು. ಇಡ್ಲಿಯಾಯಿತು, ಗ್ಯಾಸ್ ಸಿಲಿಂಡರ್ ಆಯಿತು, ಕೊನೆಗೆ ನನ್ನ ಅತ್ತೆಯೂ ಆದರು.

ಅತ್ತೆ ಕುಣಿಗಲ್ ಕಡೆಯವರು. ತಮ್ಮ ಹೆಸರು ಇಂಗ್ಲಿಷಿನಲ್ಲಿ ಓಡಾಡುವುದು ಕೇಳಿ, ಜಪ ನಿಲ್ಲಿಸಿ ಕೂಗಿದರು: "ಏನಂದ್ಲಮ್ಮ ಅವ್ಳು? ಒಳ್ಳೆ ಮಾತೋ, ಬೈಗುಳವೋ?"

"ಒಳ್ಳೇದೇ ಅತ್ತೆ. ನಿಮ್ಮನ್ನ ನೋಡಿದ್ರೆ ಮನುಷ್ಯರು ಸುಮ್ಮನಾಗಿ ಯೋಚ್ನೆ ಮಾಡ್ತಾರಂತೆ."

"ಹಂಗಾದ್ರೆ ನಿನ್ ಗಂಡಂಗೆ ಯಾಕೆ ಆ ಬುದ್ಧಿ ಬರ್ಲಿಲ್ಲ?" ಎಂದು ಅತ್ತೆ ಜಪಕ್ಕೆ ಮರಳಿದರು.

ಅವರಿಗೆ ಸೋಬರಿಂಗ್ ಅನ್ನುವುದನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳೋಣವೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಆಮೇಲೆ ಹೊಳೆಯಿತು, ನಾವು ಸಂಗತಿಯ ತಲೆಯ ಮೇಲೆ ಭಾರ ಹೊರಿಸುವವರೇ ಅಲ್ಲ. ಅದನ್ನು ನಮ್ಮ ಮೈಯೇ ಹೊರುತ್ತದೆ. ಕೈಕಾಲು ತಣ್ಣಗಾಗುತ್ತದೆ, ಗಂಟಲು ಕಟ್ಟುತ್ತದೆ, ಹೊಟ್ಟೆಯಲ್ಲಿ ಹೇಗೋ ಆಗುತ್ತದೆ. ಇನ್ನೂ ದೊಡ್ಡದಾದರೆ ಮಾತೇ ಆಡುವುದಿಲ್ಲ. ಸಾವಿನ ಮನೆಗೆ ಹೋದರೆ ಬರುವಾಗ 'ಬರ್ತೀನಿ' ಅನ್ನದೆ ಸುಮ್ಮನೆ ಎದ್ದು ಬರುತ್ತೇವೆ. ದಿನಕ್ಕೆ ಹತ್ತು ಬಾರಿ ಆಡುವ ಮಾತನ್ನು ಅಲ್ಲಿ ಒಮ್ಮೆ ನುಂಗಿಕೊಳ್ಳುತ್ತೇವೆ, ಅಷ್ಟೇ. ಯಾವ ವಿಶೇಷಣ ಅದಕ್ಕೆ ಸಮ?

ಮಂಜುಳ ಮಧ್ಯಾಹ್ನ ಬಂದಾಗ ಮುಖ ಸಣ್ಣದಾಗಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು.

"ಪ್ರಶ್ನೆಗೆಲ್ಲ ಏನೋ ಹೇಳ್ದೆ ಅಕ್ಕ. ಆದ್ರೆ ತಲೆ ಪೂರ್ತಿ ನಿಮ್ ಪದಾನೇ. ಇಲ್ಲಿ ಹಾಕ್ಲಾ, ಅಲ್ಲಿ ಹಾಕ್ಲಾ ಅಂತ ಮುಖ ಗಂಟು ಹಾಕ್ಕೊಂಡೇ ಕೂತಿದ್ದೆ. ಆಯ್ತು ಹೋಗಿ ಅಂದ್ರು. ಏನೂ ಮಾತಾಡ್ದೆ ಎದ್ದು ಬಂದ್ಬುಟ್ಟೆ. ಗೇಟ್ ಹತ್ರ ಜ್ಞಾಪಕ ಬಂತು. ಅಯ್ಯೋ, ಸಾವಿನ ಮನೆಯಿಂದ ಬಂದಂಗೆ ಬಂದ್ಬುಟ್ನಲ್ಲ!"

"ಆಮೇಲೆ?"

"ಆಮೇಲೇನು, ವಾಪಸ್ ಹೋದೆ. ಒಳಗೆ ಇನ್ನೊಬ್ಳು ಕೂತಿದ್ಲು. ಬಾಗ್ಲು ತಳ್ಳಿ, 'ಸರ್, ಬರ್ತೀನಿ. ಮೇಡಂ, ಬರ್ತೀನಿ' ಅಂದೆ. ಎಲ್ರೂ ನಕ್ಬುಟ್ರು ಅಕ್ಕ."

ಅತ್ತೆ ಒಳಗಿಂದಲೇ ತೀರ್ಪು ಕೊಟ್ಟರು: "ಹೇಳ್ಬಂದ್ಯಲ್ಲ, ಒಳ್ಳೇದಾಯ್ತು ಬುಡು. ಹೇಳ್ದೆ ಬಂದಿದ್ರೆ ನಾನೇ ವಾಪಸ್ ಓಡಿಸ್ತಿದ್ದೆ."

ಮಂಜುಳ ನಗಲಿಲ್ಲ. ಸಾಯಂಕಾಲದೊಳಗೆ ಫೋನ್ ಮಾಡಿ ತಿಳಿಸುತ್ತಾರಂತೆ ಎಂದು ಹೇಳಿ ಎದ್ದು ಹೋದಳು. ನನಗೆ ಊಟ ಸೇರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಅವಕಾಶ, ಅದರ ಮೇಲೆ ನನ್ನ ಕೊಪ್ಪರಿಗೆ ಉರುಳಿತ್ತು. ಇಂಥ ಹೊತ್ತಿಗೆಂದೇ ಹುಟ್ಟಿದ ಪದ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದನ್ನು ಹೇಳಿಕೊಳ್ಳಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಜರಡಿ ತೆಗೆದು, ಆಗಲೇ ಜರಡಿ ಹಿಡಿದಿದ್ದ ರಾಗಿಹಿಟ್ಟನ್ನೇ ಇನ್ನೊಮ್ಮೆ ಹಿಡಿಯುತ್ತ ಕೂತೆ. ಅತ್ತೆ ಅದನ್ನು ನೋಡಿ, ಜರಡಿಯ ಕೆಳಗೆ ಇನ್ನೊಂದು ಪೇಪರ್ ಹಾಸಿಕೊಟ್ಟರು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಕಾಂಪೌಂಡಿನ ಆಚೆ ಮಂಜುಳ ಮಗಳ ಯೂನಿಫಾರಂ ಹರವುತ್ತಿದ್ದಳು. ಕೇಳಲೋ ಬೇಡವೋ ಎಂದು ನಾನು ಒಂದು ದಿಂಬಿನ ಕವರನ್ನು ಮತ್ತೆ ಮತ್ತೆ ಮಡಿಸುತ್ತಿದ್ದೆ. ಅವಳೇ ಈ ಕಡೆ ತಿರುಗಿದಳು.

"ಅಕ್ಕ, ಫೋನ್ ಬಂತು. ಸೋಮವಾರದಿಂದ ಬನ್ನಿ ಅಂದ್ರು. ಆ ಮೇಡಮ್ಮೇ ಮಾಡಿದ್ದು. ಇನ್ನೂ ನಗ್ತಾನೇ ಇದ್ರು."

ನನ್ನ ಕಣ್ಣು ಒದ್ದೆಯಾಯಿತು. ಅದನ್ನು ಅವಳು ನೋಡಬಾರದೆಂದು ಬೇಗ ಬೇಗ ಮೇಷ್ಟರ ಗತ್ತು ತಂದುಕೊಂಡು, "ಹಾಗಾದ್ರೆ ನಾನು ಕೊಟ್ಟ ಪದ ಕೊನೆಗೆ ಎಲ್ಲಿ ಬಳಸ್ದೆ?" ಎಂದು ಕೇಳಿದೆ.

ಮಂಜುಳ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ ತೆಗೆದು ಲಂಗಕ್ಕೆ ಸಿಕ್ಕಿಸುತ್ತ, ಈ ಕಡೆ ನೋಡದೆಯೇ ಹೇಳಿದಳು:

"ಅದಾ? ಬಳಸ್ಲೇ ಇಲ್ಲ ಅಕ್ಕ, ಹೊಸ ಸೀರೆ ಥರ ಮಡಿಕೇನೂ ಬಿಚ್ಚಿಲ್ಲ. ಹಬ್ಬಕ್ಕಾಯ್ತು ಬುಡಿ."